ಹೊನ್ನಿ ತಿಂದ ಹನ್ನೊಂದು ಮನೆ ಮೊಸರು

ಒಂದಾನೊಂದು ಕಾಲದಲ್ಲಿ, ಬೆಂಚಿಕಲ್ಲು ಅನ್ನೋ ಊರಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿತ್ತಂತೆ. ಏನಾಯ್ತು ಅಂತೀಯ? ಹೊನ್ನಿ ಅನ್ನೋ ಹುಡುಗಿ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿಬಿಟ್ಟಿದ್ದಳಂತೆ. ಅದೂ ಮರುದಿನ ಪರೀಕ್ಷೆ ಇಟ್ಟುಕೊಂಡು. ಗೊರಕೆ ಬೇರೆ ಹೊಡೆದಿದ್ದಳಂತೆ, ಪಕ್ಕದ ಮನೆಯವರು ಕಿವಿಯಾರೆ ಕೇಳಿದ್ದರಂತೆ. ಗೌಡರು ತಕ್ಷಣ ಚಾವಡಿಯಲ್ಲಿ ಸಭೆ ಕರೆದರಂತೆ.

ನಗಬೇಡ, ಮಲಕ್ಕೋ. ಕಣ್ಣು ಮುಚ್ಚಿದರೇನೇ ಕತೆ.

ಪರೀಕ್ಷೆ ಯಾವುದು ಅಂದರೆ, ಊರಾಚೆ ಹುಣಸೆ ತೋಪಿನಲ್ಲಿ ಸೊಪ್ಪಿನ ಸಾತಮ್ಮ ಅಂತ ನಾಟಿ ಔಷಧಿ ಕೊಡೋಳು ಒಬ್ಬಳಿದ್ದಳಂತೆ. ವರ್ಷಕ್ಕೊಂದು ಸಲ ಮಕ್ಕಳನ್ನು ಕರೆದು ಮೂರು ಪರೀಕ್ಷೆ ಮಾಡಿ, ಎರಡರಲ್ಲಿ ಗೆದ್ದವರಿಗೆ ತನ್ನ ವಿದ್ಯೆ ಹೇಳಿಕೊಡುತ್ತಿದ್ದಳಂತೆ. ಹೊನ್ನಿಗೆ ಆ ವಿದ್ಯೆ ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲವಂತೆ. ವರ್ಷವೆಲ್ಲ ಬೇಲಿ ಸುತ್ತಿ ಎಲೆ ಕಿತ್ತು, ಉಜ್ಜಿ, ಮೂಸಿ, ಹೆಸರು ಕಲಿತಿದ್ದಳಂತೆ. ಕಲಿತಾದ ಮೇಲೆ ನಿದ್ದೆ ಬಂತು, ಮಲಗಿದಳು. ಅಷ್ಟೇ ಆಗಿದ್ದು.

ಸಭೆಯಲ್ಲಿ ಏನು ತೀರ್ಮಾನ ಆಯ್ತಂತೆ ಅಂದರೆ, ಹುಡುಗಿಗೆ ಎಲ್ಲರೂ ಧೈರ್ಯ ತುಂಬಬೇಕು ಅಂತ. ಹೆದರದೇ ಇರೋ ಮಗುವಿಗೆ ಧೈರ್ಯ ಯಾತಕ್ಕೆ ಅಂತ ಒಬ್ಬರೂ ಕೇಳಲಿಲ್ಲವಂತೆ.

ಹೊನ್ನಿ ಹೊರಟಳಂತೆ. ಮೊದಲನೇ ಮನೆ ಅವಳ ಸೋದರತ್ತೆಯದು. ಬಾಯಿಗೆ ಒಂದು ಚಮಚ ಮೊಸರು ಸಕ್ಕರೆ ಇಟ್ಟು, ಹೆದರಬೇಡ ಕಣೇ ಅಂದಳಂತೆ. ನಾನ್ಯಾಕತ್ತೆ ಹೆದರಲಿ ಅಂದಳಂತೆ ಹೊನ್ನಿ. ಹೆದರೋ ಅಂಥದ್ದು ಏನೂ ಇಲ್ಲ, ಅದಕ್ಕೇ ಹೇಳ್ತಿರೋದು ಅಂತ ಅತ್ತೆ ಕಣ್ಣೊರೆಸಿಕೊಂಡಳಂತೆ. ಆಮೇಲೆ ಎರಡನೇ ಮನೆ ಶಾನುಭೋಗರದು. ಅವರು ಎರಡು ಚಮಚ ಇಟ್ಟು, ಕೈ ನಡುಗ್ತಿದೆಯಾ ಅಂದರಂತೆ. ಇಲ್ಲ ಶಾನುಭೋಗರೇ ಅಂದಳಂತೆ. ನಡುಗುತ್ತೆ, ಇನ್ನೂ ಹೊತ್ತಿದೆ, ನಮ್ಮ ಹುಡುಗ ಸಾತಮ್ಮನ ಬಾಗಿಲಲ್ಲೇ ಬೋರಾಡಿ ಅತ್ತಿದ್ದ, ನೀನು ಅದನ್ನೆಲ್ಲ ನೆನೆಸಿಕೋಬೇಡ ಅಂದರಂತೆ. ಆಮೇಲೆ ಮೂರನೇ ಮನೆ ಗೌಡರದು. ದೊಡ್ಡವರಲ್ಲವೇ, ಬಟ್ಟಲು ತುಂಬ ಮೊಸರು. ಹೊನ್ನಿ ಅದನ್ನೂ ತಿಂದು, ಗೌಡರೇ, ಈ ಹೆದರಿಕೆ ಅನ್ನೋದು ಹೇಗಿರುತ್ತೆ ಅಂತ ಕೇಳಿದಳಂತೆ. ಗೌಡರು ಮೀಸೆ ಸವರಿ, ಹೊಟ್ಟೆ ಗುಡುಗುಡು ಅನ್ನುತ್ತೆ, ಬಾಯಿ ಒಣಗುತ್ತೆ, ಕಾಲು ಮುಂದೆ ಹೋಗಲ್ಲ, ಅದು ಬಂದರೆ ಮಾತ್ರ ಪರೀಕ್ಷೆ ಕೈಬಿಟ್ಟು ಹೋದ ಹಾಗೇ ಅಂದರಂತೆ.

ಆಮೇಲೆ ಇನ್ನೂ ಎಂಟು ಮನೆ.

ಶೈಲಾ, ಬಾಗಿಲಲ್ಲಿ ಯಾಕಮ್ಮ ನಿಂತಿದ್ದೀಯ? ಇದು ಎಷ್ಟನೇ ಲೋಟ ಬಾದಾಮಿ ಹಾಲು? ನಾಳೆ ನಿನ್ನ ಮಗಳು ಗಣಿತದ ಪರೀಕ್ಷೆ ಬರೆಯೋಕೆ ಹೋಗ್ತಿರೋದು, ಕುಸ್ತಿಗಲ್ಲ. ನಿನ್ನ ಗಂಡನಿಗೂ ಹೇಳು, ಹೆದರಬೇಡ ಕಂದಾ ಅಂತ ಆಗಲೇ ಮೂರು ಸಲ ಬಂದು ಹೇಳಿ ಹೋದ. ಬಾಗಿಲು ಹಾಕ್ಕೋ.

ಎಲ್ಲಿದ್ದೆ? ಹಾಂ. ಹುಣಸೆ ತೋಪು ಬರೋ ಹೊತ್ತಿಗೆ ಹೊನ್ನಿ ಹೊಟ್ಟೆ ಗುಡುಗುಡು ಅಂದಿತಂತೆ. ಬಾಯಿ ಒಣಗಿತಂತೆ. ಕಾಲು ಮುಂದೆ ಹೋಗಲಿಲ್ಲವಂತೆ. ಅಯ್ಯೋ, ಬಂದೇಬಿಡ್ತು ಅಂತ ಕಲ್ಲಿನ ಮೇಲೆ ಕುಸಿದು ಕೂತಳಂತೆ. ಒಂದು ವರ್ಷ ಎಲೆ ಮೂಸಿದ್ದೆಲ್ಲ ದಂಡ ಅಂತ ಅಳುತ್ತಾ ಎದ್ದು ಮನೆ ಕಡೆ ತಿರುಗಿದಳಂತೆ.

ಎಲ್ಲಿಗೇ ಹೊರಟೆ ಅಂತ ಸಾತಮ್ಮ ಕೂಗಿದಳಂತೆ. ಮನೆಗೆ, ನನಗೆ ಹೆದರಿಕೆ ಬಂದಿದೆ ಅಂದಳಂತೆ ಇವಳು. ಎಲ್ಲಿಗೆ ಬಂದಿದೆ ಅಂದಳಂತೆ ಸಾತಮ್ಮ. ಹೊಟ್ಟೆಗೆ. ಸರಿ, ಇದೇ ನಿನ್ನ ಮೊದಲನೇ ಪರೀಕ್ಷೆ, ರೋಗಿ ನೀನೇ, ರೋಗಿಯನ್ನು ಕೇಳಬೇಕಾದ್ದು ಕೇಳು ಅಂದಳಂತೆ. ಹೊನ್ನಿ ಮೂಗೊರೆಸಿಕೊಂಡು ತನ್ನನ್ನೇ ಕೇಳಿಕೊಂಡಳಂತೆ. ಯಾವಾಗ ಶುರುವಾಯ್ತು? ದಾರಿಯಲ್ಲಿ. ಅದಕ್ಕೆ ಮುಂಚೆ ಏನು ತಿಂದೆ? ಬೆರಳು ಮಡಚಿ ಎಣಿಸಿದಳಂತೆ. ಬೆರಳು ಮುಗಿದರೂ ಇನ್ನೊಂದು ಮನೆ ಉಳಿದಿತ್ತಂತೆ. ಆಮೇಲೆ ತಲೆಯೆತ್ತಿ, ಸಾತಮ್ಮಾ, ಇದು ಹೆದರಿಕೆ ಅಲ್ಲ, ಮೊಸರು ಅಂದಳಂತೆ.

ಒಂದು ಗೆದ್ದೆ ಅಂತ ಸಾತಮ್ಮ ಅಗಿಯೋಕೆ ಒಂದು ಚಿಟಿಕೆ ಓಮ, ಉಪ್ಪು ಕೊಟ್ಟಳಂತೆ.

ಆಮೇಲೆ ಎರಡನೇ ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಟಿ ಏಳು ಎಲೆ ಕೊಟ್ಟು, ಮೂಸಿ ಹೆಸರು ಹೇಳು ಅಂದಳಂತೆ. ಐದು ಹೇಳಿದಳಂತೆ. ಇನ್ನೆರಡು ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದಳಂತೆ. ಏಳಕ್ಕೆ ಏಳೂ ಬೇಕಿತ್ತು, ಇದು ಹೋಯ್ತು ಅಂದಳಂತೆ ಸಾತಮ್ಮ. ಅಷ್ಟರಲ್ಲಿ ಊರಿನವರು ಬೇಲಿಯಾಚೆ ಬಂದು ನಿಂತಿದ್ದರಂತೆ. ನೋಡಿದ್ರಾ, ನಿದ್ದೆ ಮಾಡಿದ್ದಕ್ಕೇ ಹೀಗಾಯ್ತು ಅಂದರಂತೆ ಶಾನುಭೋಗರು. ಹೊನ್ನಿಗೆ ಬೇಜಾರಾಯ್ತಂತೆ. ಆದರೆ ಹೋಗಿದ್ದು ಹೋಗಿತ್ತಲ್ಲ, ಮುಂದಿನದು ಕೊಡಿ ಅಂದಳಂತೆ.

ಮೂರನೇದು ಪೈಲ್ವಾನ್ ಬಸಣ್ಣ. ಮೂರು ದಿನದ ಜ್ವರ, ಕಷಾಯ ಕುಡಿಯೋಕೆ ಒಲ್ಲೆ ಅಂತಿದ್ದನಂತೆ. ಅವನಿಗೆ ಕುಡಿಸು ನೋಡೋಣ ಅಂದಳಂತೆ ಸಾತಮ್ಮ. ಊರಿನವರು ಸುಮ್ಮನಿರಬೇಕಲ್ಲ. ಹೆದರಬೇಡ ಬಸಣ್ಣ, ಕಹಿಯೇ ಇಲ್ಲ, ಜೇನು ಜೇನು ಅಂತ ಬೇಲಿಯಿಂದಲೇ ಕೂಗಿದರಂತೆ. ಕೂಗಿದಷ್ಟೂ ಅವನು ಹಲ್ಲು ಕಚ್ಚಿದನಂತೆ. ಹೊನ್ನಿ ಪಕ್ಕದಲ್ಲಿ ಕೂತು ಹೇಳಿದಳಂತೆ, ಕಹಿ ಇದೆ ಅಣ್ಣ. ಬಹಳ ಕಹಿ. ಮೂರು ಗುಟುಕು ಇದೆ, ಮೊದಲನೇದು ಕಷ್ಟ, ಮೂರಾದ ಮೇಲೆ ಏನೂ ಇಲ್ಲ. ಬಸಣ್ಣ ಒಂದು ಕಣ್ಣು ತೆರೆದು, ಮೂರೇನಾ ಅಂದನಂತೆ. ಮೂರೇ. ಮೂಗು ಹಿಡಿದು ಕುಡಿದುಬಿಟ್ಟನಂತೆ.

ಹೊನ್ನಿ ಅವತ್ತಿನಿಂದ ಸಾತಮ್ಮನ ಮನೆಯಲ್ಲೇ ಸೊಪ್ಪು ಅರೆಯುತ್ತಾ ಸುಖವಾಗಿದ್ದಳಂತೆ. ಆ ಎರಡು ಎಲೆಯನ್ನು ಮರುದಿನವೇ ಕಲಿತಳಂತೆ. ಅವಳು ಅರೆಯೋದು ಮುಗೀಲಿಲ್ಲ, ನಮ್ಮ ಕತೆ ಮಾತ್ರ ಮುಗೀತು.

ಏನು? ನಾಳೆಯದೂ ಕಹಿ ಇರುತ್ತಾ ಅಂತಲಾ? ಸ್ವಲ್ಪ ಇರುತ್ತೆ ಕಣೇ. ಮೂರೇ ಗಂಟೆ ಹೊತ್ತು. ಬರೋದು ಬರಿ, ಬಾರದ್ದು ಬಿಡು, ಆಮೇಲೆ ಮನೆಗೆ ಬಂದು ಊಟ.

ಊರಿನವರಾ? ಅವರಿಗೂ ಬುದ್ಧಿ ಬಂತಂತೆ. ಮೊಸರು ಕೊಡೋದು ನಿಲ್ಲಿಸಿದರಂತೆ. ಮುಂದಿನ ವರ್ಷದಿಂದ ಮಜ್ಜಿಗೆ ಕೊಟ್ಟರಂತೆ.