ನರಿ ಕಿತ್ತೊಯ್ದ ಬೋರ್ಡು

ಅಭಯಾರಣ್ಯದ ನಡುವೆ ಆನೆಮಡು ಎಂಬ ನೀರಿನ ತಾಣ. ಅದರ ದಡದಲ್ಲಿ ನರಿಯೊಂದು ಗುತ್ತಿಗೆ ಹಿಡಿದು ಹಣ್ಣಿನಂಗಡಿ ನಡೆಸುತ್ತಿತ್ತು. ಗುತ್ತಿಗೆ ಮುಗಿದು ಅಂಗಡಿ ಮುಳ್ಳುಹಂದಿಯ ಪಾಲಾದ ದಿನ, ನರಿ 'ಆನೆಮಡು ಹಣ್ಣಿನಂಗಡಿ' ಎಂದು ಬರೆದಿದ್ದ ತನ್ನ ಬೋರ್ಡನ್ನು ಕಿತ್ತು ಬಗಲಿಗೇರಿಸಿಕೊಂಡಿತು. "ಹೆಸರು ನನ್ನ ಬೋರ್ಡಿನ ಮೇಲಿದೆ, ಆದ್ದರಿಂದ ಹೆಸರೂ ನನ್ನದೇ. ಇನ್ನು ಈ ಜಾಗವನ್ನು ಯಾರೂ ಆನೆಮಡು ಅನ್ನಕೂಡದು!"

ಮಡುವಿನ ಮುದಿ ಆಮೆಗೆ ಚಿಂತೆಯಾಯಿತು. ತಲೆತಲಾಂತರದಿಂದ ತಾಯಾನೆಗಳು ಮರಿಗಳಿಗೆ ಹೇಳಿಕೊಟ್ಟದ್ದು ಆ ಒಂದು ಹೆಸರನ್ನೇ. ಅದೇ ಹೋದರೆ ಬೇಸಗೆಯಲ್ಲಿ ಅವು ನೀರನ್ನು ಏನೆಂದು ಕೇಳಿಕೊಂಡು ಬರಬೇಕು? ಜಗಳಕ್ಕೆ ಹೆದರಿದ ಮುಳ್ಳುಹಂದಿಯಂತೂ ಆಗಲೇ ತನ್ನದೊಂದು ಮುಳ್ಳು ಕಿತ್ತು, ಹೊಸ ಬೋರ್ಡಿನ ಮೇಲೆ 'ದೊಡ್ಡ ಗುಂಡಿ' ಎಂದು ಬರೆಯತೊಡಗಿತ್ತು.

ಆಮೆ ಕತ್ತು ಹೊರಚಾಚಿತು. "ಆಗಲಿ ನರಿಯಪ್ಪ. ಇಷ್ಟು ವರ್ಷ ನಿನ್ನ ಅಂಗಡಿಯ ಹಣ್ಣು ತಿಂದವರು ನಾವು. ಹೊಸ ಅಂಗಡಿ ಎಲ್ಲಿ? ಗಿರಾಕಿಗಳು ಕೇಳಿದರೆ ದಾರಿ ಹೇಳಬೇಕಲ್ಲ."

ಗಿರಾಕಿ ಎಂದದ್ದೇ ತಡ, ನರಿಯ ಮುಖ ಅರಳಿತು. "ಬಹಳ ಸುಲಭ! ಆನೆಮಡುವಿನಿಂದ ನೇರ ಹೋಗಿ, ಬಿದಿರುಮೆಳೆಯ ಹತ್ತಿರ ಎಡಕ್ಕೆ ತಿರುಗಲು ಹೇಳು."

"ಎಲ್ಲಿಂದ?" ಎಂದಿತು ಆಮೆ.

ಬೇರೆ ಹೆಸರು ಹೊಳೆಯದೆ ನರಿ ಬೋರ್ಡನ್ನು ಅವುಚಿಕೊಂಡು ಸರಸರನೆ ನಡೆದುಬಿಟ್ಟಿತು.

"ಈಗ ನಾನು ಏನಂತ ಬರೆಯಲಿ?" ಮುಳ್ಳುಹಂದಿ ಕೇಳಿತು.

ಆಮೆ ನಿರಾಳವಾಗಿ ಉಸಿರುಬಿಟ್ಟು ನೀರಿಗಿಳಿಯುತ್ತಾ ಹೇಳಿತು: "ನರಿ ಹೇಳಿದ ಹೆಸರನ್ನೇ ಬರೆ."