ಏಡಿಯಕ್ಕನ ಮರಳುಂಡೆ

ಲೋಕ ಆಗಷ್ಟೇ ಹುಟ್ಟಿತ್ತು. ಎಷ್ಟು ಹೊಸದು ಅಂತೀರಿ? ಸಮುದ್ರಕ್ಕೆ ಉಪ್ಪು ಹಾಕೋದೇ ಇನ್ನೂ ಬಾಕಿ ಇತ್ತು! ಆಗ ದಡದಲ್ಲಿ ಒಬ್ಬ ಮರಳುದಿಬ್ಬಜ್ಜ. ಅವನ ಬೆನ್ನ ಮೇಲೆ, ಮರಳು ಹಾರದ ಹಾಗೆ ಹಿಡಿದಿಡೋ ಅಡುಂಬು ಬಳ್ಳಿ. ಅವನ ಮಡಿಲಲ್ಲಿ ಬಿಲ ತೋಡ್ಕೊಂಡು ಏಡಿಯಕ್ಕ.

ಏಡಿಯಕ್ಕನಿಗೆ ಎಲ್ಲದ್ರಲ್ಲೂ ಕುತೂಹಲ. ಅದೆಂತ? ಇದ್ಯಾಕೆ? ಇಣುಕಿ ಇಣುಕಿಯೇ ಅವಳ ಕಣ್ಣು ಕಡ್ಡಿ ಮೇಲೆ ನಿಂತದ್ದು!

ಒಂದಿನ ತೆರೆ ಒಂದು ಹಸಿರು ಕಡ್ಡಿ ತಂದು ಹಾಕ್ತು. ತುದೀಲಿ ಹಳದಿ ಹೂ. ಎಲ್ಲಿಂದ ಬಂತೋ, ಯಾವ ದೇಶದ್ದೋ!

"ಅಯ್ಯೋ, ಎಷ್ಟು ಚಂದ!" ಅಂತ ಏಡಿಯಕ್ಕ ಅದನ್ನ ಬಾಗಿಲ ಮುಂದೆ ನೆಟ್ಟೇಬಿಟ್ಳು.

"ಯಾವ ಊರಿಂದು, ಎಂತ ಕತೆ ಅಂತ ಕೇಳಿದ್ಯಾ ಮಾರಾಯ್ತಿ?" ಅಂದ ದಿಬ್ಬಜ್ಜ.

"ಹೂ ನೋಡಿ ಅಜ್ಜ, ಹೂ!"

ಕಡ್ಡಿ ಬಳ್ಳಿಯಾಯ್ತು. ಬಳ್ಳಿ ಗಂಟು ಗಂಟಿಗೂ ಬೇರು ಬಿಡ್ತು. ಹಬ್ಬಿತು, ಹಬ್ಬಿತು, ದಿಬ್ಬ ಪೂರ್ತಿ ಹಬ್ಬಿತು! ಅಡುಂಬು ಬಳ್ಳಿಗೆ ಬಿಸಿಲೇ ಇಲ್ಲ. "ಅಕ್ಕಾ, ಉಸಿರು ಕಟ್ತದೆ..." ಅಂತ ಅದು ಅಡಿಯಿಂದ ಕೂಗ್ತು.

ಅಷ್ಟರಲ್ಲಿ ಬಂದ್ಳು ನೋಡಿ ಆಮೆಯಮ್ಮ, ಹೊಟ್ಟೆ ತುಂಬಾ ಮೊಟ್ಟೆ! ಇಲ್ಲಿ ತೋಡಿದ್ಳು, ಬೇರು. ಅಲ್ಲಿ ತೋಡಿದ್ಳು, ಬೇರು. ಎಲ್ಲಿ ತೋಡಿದ್ರೂ ಬರೀ ಬೇರು!

"ಇನ್ನು ಮೂರು ಉಬ್ಬರ ತಡ್ಕೊಳ್ತೇನೆ ಏಡಿ. ಆಮೇಲೆ ಮೊಟ್ಟೆಯೆಲ್ಲ ನೀರಲ್ಲೇ ಬಿದ್ದು ಹೋಗ್ತದೆ. ಒಂದು ಮರಿಯೂ ಉಳಿಯೂದಿಲ್ಲ," ಅಂತ ಅತ್ಳು.

ಏಡಿಯಕ್ಕ ತನ್ನ ಬಾಗಿಲ ಕಡೆ ತಿರುಗಿ ನೋಡಿದ್ಳು. ನೆಟ್ಟದ್ದು ತಾನೇ ಅಲ್ವಾ!

"ನನ್ನ ಹತ್ರ ಕತ್ತರಿಯೇ ಉಂಟಲ್ಲ!" ಅಂತ ಓಡಿದ್ಳು. ಕಚಕ್ ಕಚಕ್ ಕಚಕ್! ಬಳ್ಳಿ ನೂರು ತುಂಡು! ಸೊಂಟಕ್ಕೆ ಕೈ ಇಟ್ಕೊಂಡು ನಿಂತ್ಳು. ಏಡಿಗೆ ಸೊಂಟ ಎಲ್ಲಿ ಅಂತ ಕೇಳ್ಬೇಡಿ! ಮೊದಲ ಉಬ್ಬರ ಬಂದು ಹೋಯ್ತು. ನೋಡಿದ್ರೆ ನೂರು ತುಂಡಿಗೂ ಬೇರು! ಒಂದಿದ್ದದ್ದು ನೂರಾಗಿತ್ತು!

ಗಾಳಿಗೆ ನಗುವೋ ನಗು. "ಶಭಾಷ್ ಏಡಿಯಕ್ಕ! ತೋಟ ಮಾಡ್ಲಿಕ್ಕೆ ಹೊರಟದ್ದಾ?"

"ಹಲ್ಲು ಕಿಸೀಬೇಡ ನೀನು!" ಅಂತ ಅವಳು ಈ ಸಲ ಬುಡ ಹಿಡಿದು ಎಳೆದ್ಳು. ಎಳೆದ್ಳು, ಎಳೆದ್ಳು, ರಾಶಿ ಹಾಕಿದ್ಳು. ಎರಡನೇ ಉಬ್ಬರ ಬಂದು ಹೋಯ್ತು. ಅಯ್ಯೋ ದೇವ್ರೇ! ಕಿತ್ತ ಜಾಗದಲ್ಲೇ ಪುಟ್ಟ ಪುಟ್ಟ ಚಿಗುರು!

ಏಡಿಯಕ್ಕ ಕಣ್ಣು ಉದ್ದ ಮಾಡಿ ಬಗ್ಗಿ ನೋಡಿದ್ಳು. ಇದ್ಯಾಕೆ ಹೀಗೆ? ಓ! ಮರಳೊಳಗೆ ಉಗುರಿನಷ್ಟು ಬೇರು ಉಳಿದಿತ್ತು. ಅದಕ್ಕೆ ಅಷ್ಟೇ ಸಾಕು!

"ಹಾಗಾದ್ರೆ ಮರಳನ್ನೇ ಹುಡುಕ್ಬೇಕು!"

"ಇಷ್ಟೂ ಮರಳಾ?" ಅಂತು ಗಾಳಿ.

"ಮೊದ್ಲು ಆಮೆಯಮ್ಮನ ಗುಂಡಿಯಷ್ಟು ಜಾಗ. ಉಳಿದದ್ದು ಆಮೇಲೆ."

ಒಂದೊಂದೇ ಚಿಟಿಕೆ ಮರಳು ಬಾಯಿಗೆ ಹಾಕೋದು. ಬೇರು ಸಿಕ್ಕಿದ್ರೆ ತೆಗೆಯೋದು. ಉಳಿದ ಮರಳನ್ನ ಉಂಡೆ ಕಟ್ಟಿ ಪಕ್ಕಕ್ಕೆ ಇಡೋದು. ಉಂಡೆ ಮರಳು ನೋಡಿ ಆದದ್ದು, ಪುಡಿ ಮರಳು ಇನ್ನೂ ನೋಡ್ಬೇಕಾದ್ದು. ತಪ್ಪೋ ಹಾಗೇ ಇಲ್ಲ! ಗಾಳಿ ಈಗ ನಗ್ಲಿಲ್ಲ. ಸಿಕ್ಕಿದ ಬೇರನ್ನೆಲ್ಲ ಬಂಡೆ ಮೇಲೆ ಹಾಕಿ ಗರಿಗರಿ ಒಣಗಿಸ್ತು. ಅಡುಂಬು ಬಳ್ಳಿ ಮೆಲ್ಲ ತಲೆ ಎತ್ತಿ, ಬೋಳಾಗಿದ್ದ ದಿಬ್ಬಜ್ಜನ ಬೆನ್ನು ಹಿಡ್ಕೊಂಡಿತು.

ಮೂರನೇ ಉಬ್ಬರ ಏರ್ತಾ ಇತ್ತು. ಆಮೆಯಮ್ಮ ತೋಡಿದ್ಳು. ಮರಳು. ಇನ್ನೂ ತೋಡಿದ್ಳು. ಬರೀ ಮರಳು, ಬೆಚ್ಚಗಿನ ಮರಳು! ಪುಳಕ್ ಪುಳಕ್ ಅಂತ ಮೊಟ್ಟೆ ಇಟ್ಟೇಬಿಟ್ಳು!

ಆಮೇಲೆ ಉಳಿದ ದಿಬ್ಬವನ್ನೂ ಏಡಿಯಕ್ಕ ಹುಡುಕಿ ಮುಗಿಸಿದ್ಳು. "ಸಾಕು ಮಗಾ, ಮಲ್ಕೋ ಇನ್ನು," ಅಂದ ದಿಬ್ಬಜ್ಜ.

"ಬೇರಿನ ಒಂದು ತುಂಡು ಕೆಳಗೆ, ನೀರಿನ ಹತ್ರ ಉರುಳಿ ಹೋಗಿದ್ರೆ ಅಜ್ಜ?" ಅಂತ ಏಡಿಯಕ್ಕ ಅಲ್ಲಿಗೂ ಓಡಿದ್ಳು. ಹುಡುಕಿ ಹುಡುಕಿ ಉಂಡೆ ಕಟ್ಟಿದ್ಳು. ಸರ್‍ರನೆ ತೆರೆ ಬಂತು, ಎಲ್ಲಾ ಅಳಿಸಿ ಹಾಕ್ತು! ಈಗ ಯಾವುದು ನೋಡಿದ್ದು, ಯಾವುದು ನೋಡದ್ದು? ಪುನಃ ಮೊದಲಿಂದ!

ಅದಕ್ಕೇ ಇವತ್ತಿಗೂ, ನೀರು ಇಳಿದ ಹೊತ್ತಲ್ಲಿ ನೀವು ದಡಕ್ಕೆ ಹೋದ್ರೆ, ಏಡಿ ಬಿಲದ ಸುತ್ತ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಸಣ್ಣ ಮರಳುಂಡೆಗಳು ಸಾಲು ಸಾಲು ಕಾಣ್ತವೆ: ಅಷ್ಟು ಮರಳನ್ನ ಏಡಿಯಕ್ಕ ನೋಡಿ ಆಗಿದೆ, ಮೆಟ್ಟದೆ ದಾಟಿ.