ಹೂಳುವ ತುದಿ

ಯಂತ್ರ ನಿಲ್ಲಿಸಿ ಬಂದ ನಾಗವೇಣಿ ಕೇಳಿದಳು: "ಮೇಸ್ತ್ರಿಗಳೇ, ನಾಲ್ಕು ಮುಖವೂ ಸರಿಯಿದ್ದ ಮೇಲೆ ಕೆಲಸ ಹೇಗೆ ಕೆಡುತ್ತದೆ?"

ದಾವಲಸಾಬ್ ಮೇಸ್ತ್ರಿ ಮೊದಲು ಚಹಾ ಮುಗಿಸಿದರು.

ಅವಳ ಕೆಲಸ ಇಷ್ಟು. ಒಂದು ಚೌಕ ಉಕ್ಕಿನ ದಿಮ್ಮಿ. ಅದರ ಒಂದು ತುದಿಯನ್ನು ಯಂತ್ರದ ಚಕ್ ತನ್ನ ದವಡೆಗಳಲ್ಲಿ ಕಚ್ಚಿ ಹಿಡಿದಿರುತ್ತದೆ, ಇನ್ನೊಂದು ತುದಿಯ ನಡುವಿಗೆ ಒತ್ತಿದ ಮೊನೆಯ ಆಸರೆ. ಒಂದು ಮುಖ ಕೊರೆದಾದ ಮೇಲೆ ಚಕ್ ಕಾಲು ಸುತ್ತು ತಿರುಗಿ ಮುಂದಿನದನ್ನು ಮೇಲೆ ತರುತ್ತದೆ. ನಾಲ್ಕು ಕಡೆಯಿಂದ ಕೊರೆದ ತೂತುಗಳು ಒಳಗೆ ನಡುವಿನಲ್ಲಿ ಕೂಡಬೇಕು. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದವಳು ಅವಳೇ. ಪರದೆಯ ಮೇಲೆ ತೂತುಗಳು ಕೂಡುತ್ತಿದ್ದವು. ಉಕ್ಕಿನಲ್ಲಿ ಕೂಡುತ್ತಿರಲಿಲ್ಲ. ಮೂರು ದಿಮ್ಮಿ ಕೆಟ್ಟಿದ್ದವು, ಉಳಿದದ್ದು ಒಂದು. ಅದೂ ಕೆಟ್ಟರೆ ಅವಳನ್ನು ಮತ್ತೆ ಅರ ಹಿಡಿದು ಅಂಚು ಉಜ್ಜುವ ಮೇಜಿಗೆ ಕಳಿಸುವುದಾಗಿ ಮಾಲೀಕರು ಹೇಳಿದ್ದರು. ಆ ಮೇಜಿನಿಂದ ಎದ್ದು ಬರಲು ಅವಳಿಗೆ ಆರು ವರ್ಷ ಹಿಡಿದಿತ್ತು.

"ಪ್ರತಿ ಸಲ ತಿರುಗಿಸಿದಾಗಲೂ ಆ ಮುಖದ ಅಂಚು ಮುಟ್ಟಿಸಿ ಅಲ್ಲಿಂದ ಅಳತೆ ಶುರುವಾಗುವಂತೆ ಹೊಸದಾಗಿ ಜೀರೋ ಹಿಡಿಯುತ್ತೇನೆ" ಎಂದಳು. "ಎರಡೆರಡು ಸಲ ನೋಡುತ್ತೇನೆ. ಇನ್ನು ನನ್ನ ಕೈಲಾಗದು."

"ಕೂತುಕೋ ತಂಗಿ. ಒಂದು ಕತೆ ಇದೆ."

ಅವಳಿಗೆ ಕತೆ ಬೇಕಿರಲಿಲ್ಲ. ಕಾಲು ಸೋತಿದ್ದರಿಂದ ಕೂತಳು.

ಒಬ್ಬ ಕಲ್ಲುಕುಟಿಗನಿದ್ದ. ನಾಲ್ಕು ದಾರಿ ಕೂಡುವಲ್ಲಿ ದೀಪದ ಕಂಬ ಮಾಡಿಕೊಡುವ ಕೆಲಸ ಅವನಿಗೆ ಬಂತು. ನಾಲ್ಕು ಮುಖಕ್ಕೆ ನಾಲ್ಕು ಕಿಂಡಿ. ನಾಲ್ಕೂ ಒಳಗೆ ಕೂಡಬೇಕು, ಕೂಡಿದಲ್ಲಿ ಹಣತೆ ಇಡಬೇಕು, ಬೆಳಕು ನಾಲ್ಕು ದಾರಿಗೂ ಬೀಳಬೇಕು. ಮಳೆಗಾಲದಲ್ಲಿ ಅಲ್ಲಿ ದಾರಿ ತಪ್ಪಿ ಹಳ್ಳಕ್ಕೆ ಬಿದ್ದವರಿದ್ದರು.

ಕುಟಿಗ ಕಲ್ಲನ್ನು ಮಲಗಿಸಿ ಉಳಿ ಎತ್ತಿದ. ಕಲ್ಲು ಒಡೆಯುವ ಮುದುಕನೊಬ್ಬ ನೋಡುತ್ತ ನಿಂತಿದ್ದ.

"ಮೊದಲು ಎರಡೂ ತುದಿ ಸಮ ಮಾಡಿ, ನಡುವಿಗೊಂದು ಗುರುತು ಹೊಡೆದುಕೊಳ್ಳಪ್ಪ. ನಾಲ್ಕು ಮುಖಕ್ಕೂ ಅಳತೆ ಅಲ್ಲಿಂದ ತಾ."

"ಒಂದು ತುದಿ ಮಣ್ಣಿಗೆ ಹೋಗುತ್ತದೆ, ಇನ್ನೊಂದರ ಮೇಲೆ ಮುಚ್ಚುಗಲ್ಲು ಕೂರುತ್ತದೆ. ಹೂಳುವುದಕ್ಕೂ ಸಿಂಗಾರವೇನಜ್ಜ?"

ಮುದುಕ ಎಲೆಯಡಿಕೆ ಉಗುಳಿ ಹೊರಟುಹೋದ.

ಕುಟಿಗ ಮೊದಲ ಮುಖ ನಯ ಮಾಡಿದ. ಅದರ ಅಂಚಿನಿಂದ ಅಳೆದು ಕಿಂಡಿ ಕೊರೆದ. ನಾಲ್ಕು ಜನ ಹಾರೆ ಕೊಟ್ಟು ಕಲ್ಲು ಹೊರಳಿಸಿದರು. ಎರಡನೆಯ ಮುಖಕ್ಕೆ ಅದರದೇ ಅಂಚು. ಹೀಗೆ ನಾಲ್ಕೂ ಆಯಿತು. ಒಂದೊಂದೂ ಕನ್ನಡಿಯ ಹಾಗೆ. ಒಂದು ಕಿಂಡಿಯಲ್ಲಿ ಕೋಲು ಹಾಕಿದರೆ ಇನ್ನೊಂದರಲ್ಲಿ ಹೊರಬರಲಿಲ್ಲ.

ಎರಡನೆಯ ಕಲ್ಲು ತಂದ. ಒಂದು ಸಲ ಅಳೆಯುವಲ್ಲಿ ಏಳು ಸಲ ಅಳೆದ. ಕಿಂಡಿಗಳು ಕೂಡಲಿಲ್ಲ. ಮೂರನೆಯದಕ್ಕೆ ಹೊಸ ಉಳಿ ಮಾಡಿಸಿದ, ಹೊಸ ಮಟ್ಟಗೋಲು ತರಿಸಿದ. ಹೊರಳಿಸುವವರು ಅವನನ್ನು ಬೈದುಕೊಂಡೇ ಹೊರಳಿಸಿದರು. ಅದೂ ಹಾಗೇ ಆಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ನಾಲ್ಕು ದಾರಿಯೂ ಕತ್ತಲಲ್ಲೇ ಉಳಿದವು.

ಕುಟಿಗನಿಗೆ ತೋಳು ಎತ್ತಲಾಗದಷ್ಟು ದಣಿವು. ಕೆಟ್ಟ ಕಂಬದ ತುದಿಗೆ ಬೆನ್ನು ಕೊಟ್ಟು ಕುಳಿತ. ಒರಟು ಕಲ್ಲು ಬೆನ್ನಿಗೆ ಚುಚ್ಚಿತು. ಎದ್ದು, ಈಚೆ ಬಂದು, ನುಣುಪಾದ ಮಗ್ಗುಲಿಗೆ ಒರಗಿಕೊಂಡ.

ಮೇಸ್ತ್ರಿ ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದಳು ನಾಗವೇಣಿ.

"ಅಷ್ಟೇ. ಒಳ್ಳೆ ಕೆಲಸಗಾರ. ನಿನ್ನ ಹಾಗೇ."

ಅವಳು ಯಂತ್ರದ ಕಡೆ ನೋಡಿದಳು. ಉಳಿದೊಂದು ದಿಮ್ಮಿ ಚಕ್ಕಿನ ಹಿಡಿತದಲ್ಲಿತ್ತು. ಗರಗಸ ಕೊಯ್ದ ಒರಟು ತುದಿ, ಬಂದ ದಿನ ಹೇಗಿತ್ತೋ ಹಾಗೆಯೇ, ಒಳಗೆ ಹೋಗಿ ಮರೆಯಾಗಿತ್ತು.

ಮೇಸ್ತ್ರಿ ಲೋಟ ಕೆಳಗಿಟ್ಟು ಕೇಳಿದರು: "ದಿಮ್ಮಿಗೆ ಮುಖ ಎಷ್ಟು, ತಂಗಿ?"

ನಾಲ್ಕು ಎನ್ನಲು ಬಾಯಿ ತೆರೆದವಳು ಎದ್ದು ಹೋಗಿ, ಚಕ್ ಸಡಿಲಿಸಿ, ಆ ತುದಿಯನ್ನು ಹೊರಗೆಳೆದಳು.